ಇಲಿಯ ಉಪವಾಸ, ಮೊಲದ ಬಂಧನ: ಚರ್ಮಪರೀಕ್ಷೆಯ ಹೊಸ ವಿಧಾನಗಳು ಮತ್ತು ಅಹಿಂಸಾಣುವ್ರತ

ನೆಲಮಂಗಲ ತಾಲ್ಲೂಕಿನ ಮಣ್ಣೆ ಗ್ರಾಮವೇ ಗಂಗರ ಕಾಲದ ಮಾನ್ಯಪುರ. ಗಂಗ ಮಾರಸಿಂಹನ ಸೇನಾಪತಿಯಾದ ಶ್ರೀವಿಜಯನು ಅಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂದು ಕ್ರಿ.ಶ. 797ರ ತಾಮ್ರಶಾಸನದಿಂದ ತಿಳಿದುಬರುತ್ತದೆ. ಅದೇ ತಾಲ್ಲೂಕಿನ ಸೋಂಪುರ ಹೋಬಳಿಯ ದೇವರಹೊಸಹಳ್ಳಿಯಲ್ಲಿ ಇಂದು ಬಯೋನೀಡ್ಸ್ ಎಂಬ ಸಂಸ್ಥೆಯ ಪ್ರಯೋಗಶಾಲೆಯಿದೆ. ಔಷಧಗಳೂ ರಾಸಾಯನಿಕಗಳೂ ಮನುಷ್ಯನ ಬಳಕೆಗೆ ಬರುವ ಮೊದಲು ಅವು ಎಷ್ಟು ಸುರಕ್ಷಿತವೆಂದು ಪರೀಕ್ಷಿಸಿ ಕೊಡುವುದು ಇಂತಹ ಪ್ರಯೋಗಶಾಲೆಗಳ ವೃತ್ತಿ. ಪರೀಕ್ಷೆಗಳಲ್ಲಿ ಕೆಲವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಡೆಯುತ್ತವೆ, ಕೆಲವು ಜೀವಂತ ಪ್ರಾಣಿಗಳ ಮೇಲೆ. ಇಂತಹ ವೃತ್ತಿಯು ನಿಯಮಬಾಹಿರವಲ್ಲ. ಕಾನೂನೇ ಅದನ್ನು ಕೇಳುತ್ತದೆ. ಹನ್ನೆರಡು ಶತಮಾನಗಳ ಹಿಂದೆ ಜಿನಾಲಯವಿದ್ದ ನೆಲದಲ್ಲಿ ಇಂದು ಇದು ನಡೆಯುತ್ತಿದೆಯೆಂದು ನಿಟ್ಟುಸಿರಿಡುವುದರಿಂದ ಯಾವ ಮೊಲಕ್ಕೂ ಪ್ರಯೋಜನವಿಲ್ಲ. ಅಲ್ಲಿ ನಡೆಯುವುದೇನು, ಅದರಲ್ಲಿ ಯಾವುದು ಇಂದಿಗೂ ಅನಿವಾರ್ಯ, ಯಾವುದು ಅನಿವಾರ್ಯವಲ್ಲ ಎಂಬುದನ್ನು ವ್ರತಿಗಳಾದವರು ಅರಿಯುವುದು ಮಾತ್ರ ಉಪಯುಕ್ತವಾದುದು.

ಉಪವಾಸದ ವಿಷಯದಿಂದಲೇ ಆರಂಭಿಸಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಶ್ರಾವಕನು ಆಹಾರವನ್ನು ತ್ಯಜಿಸುವುದು ತನ್ನ ಇಚ್ಛೆಯಿಂದ. ಆ ಇಚ್ಛೆಯೇ ಉಪವಾಸವನ್ನು ತಪಸ್ಸನ್ನಾಗಿ ಮಾಡುತ್ತದೆ. ಪ್ರಯೋಗಶಾಲೆಯಲ್ಲಿಯೂ ಒಂದು ಉಪವಾಸವುಂಟು. ರಾಸಾಯನಿಕವೊಂದನ್ನು ನುಂಗಿದರೆ ಎಷ್ಟು ವಿಷವಾಗುವುದೆಂದು ತಿಳಿಯುವ ಪರೀಕ್ಷೆಯಲ್ಲಿ ಇಲಿಗೆ ಹಿಂದಿನ ರಾತ್ರಿಯೆಲ್ಲ ಆಹಾರ ಕೊಡುವುದಿಲ್ಲ; ನೀರು ಮಾತ್ರ ಇರುತ್ತದೆ. ಬೆಳಗ್ಗೆ ನಳಿಕೆಯ ಮೂಲಕ ಹೊಟ್ಟೆಗೆ ಪದಾರ್ಥವನ್ನು ಇಳಿಸುತ್ತಾರೆ. ಬಳಿಕ ಇನ್ನೂ ಮೂರು ನಾಲ್ಕು ಗಂಟೆ ಆಹಾರವಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಅನಶನವೇ. ಆದರೆ ಒಂದು ತಪಸ್ಸು. ಇನ್ನೊಂದಕ್ಕೆ ಶ್ರಾವಕಾಚಾರದಲ್ಲಿ ಬೇರೆಯೇ ಹೆಸರಿದೆ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಈ ಪಟ್ಟಿಯನ್ನು ಓದುವಾಗ ನಮ್ಮವರಿಗೆ ಸಾಮಾನ್ಯವಾಗಿ ನೆನಪಾಗುವುದು ಎತ್ತು, ಕುದುರೆ, ಹಟ್ಟಿಯ ದನಗಳು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಹೊರೆಯನ್ನು ಹೇರುವುದು, ಮೇವು ನೀರು ತಡೆಯುವುದು. ಗಾಡಿಯ ಎತ್ತುಗಳು ಹೆದ್ದಾರಿಗಳಿಂದ ಮರೆಯಾದ ಈ ಕಾಲದಲ್ಲಿ ಅತಿಚಾರಗಳೂ ಮರೆಯಾದುವೆಂದು ಭಾವಿಸುವುದು ತಪ್ಪು. ಅವು ಸ್ಥಳ ಬದಲಿಸಿವೆ, ಅಷ್ಟೆ. ಕೊರಳನ್ನು ಮಾತ್ರ ಹೊರಗಿಟ್ಟು ಮೊಲವನ್ನು ಪೆಟ್ಟಿಗೆಯಲ್ಲಿ ಬಂಧಿಸುವುದು ಬಂಧ. ಇಲಿಯ ರಾತ್ರಿ ಅನ್ನಪಾನನಿರೋಧ.

ಮೊಲದ ಆ ಪರೀಕ್ಷೆಯ ಇತಿಹಾಸ ಹೀಗಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ಜಾನ್ ಡ್ರೇಜ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿಗಳೂ 1944ರಲ್ಲಿ ಇದನ್ನು ಪ್ರಕಟಿಸಿದರು. ಬಿಳಿಯ ಮೊಲದ ಬೆನ್ನಿನ ರೋಮವನ್ನು ಹಿಂದಿನ ದಿನ ಕತ್ತರಿಸಿ, ಸುಮಾರು 6 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಅರ್ಧ ಮಿಲಿಲೀಟರಿನಷ್ಟು ಪದಾರ್ಥವನ್ನು ಹಚ್ಚಿ, ಮೇಲೆ ಪಟ್ಟಿ ಕಟ್ಟುತ್ತಾರೆ. ಇಂದಿನ ಅಂತರರಾಷ್ಟ್ರೀಯ ಕ್ರಮದಲ್ಲಿ ನಾಲ್ಕು ಗಂಟೆಗಳ ನಂತರ ಪಟ್ಟಿಯನ್ನು ತೆಗೆದು 1, 24, 48, 72 ಗಂಟೆಗಳಲ್ಲಿ ಚರ್ಮವನ್ನು ನೋಡುತ್ತಾರೆ. ಗಾಯ ಮಾಯುವುದೋ ಇಲ್ಲವೋ ತಿಳಿಯಲು ಹದಿನಾಲ್ಕು ದಿನಗಳವರೆಗೂ ಕಾಯುವುದುಂಟು. ಕೆಂಪಾದುದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಊದಿಕೊಂಡುದಕ್ಕೆ ಸೊನ್ನೆಯಿಂದ ನಾಲ್ಕು ಅಂಕ. ಕಣ್ಣಿನ ಪರೀಕ್ಷೆಯಲ್ಲಿ ಪದಾರ್ಥವನ್ನು ಕೆಳರೆಪ್ಪೆಯೊಳಗೆ ಹಾಕಿ ಇಪ್ಪತ್ತೊಂದು ದಿನಗಳವರೆಗೆ ನೋಡುತ್ತಾರೆ. ಮೊಲವನ್ನೇ ಆರಿಸಿಕೊಂಡುದಕ್ಕೆ ಅದರ ಕಣ್ಣು ದೊಡ್ಡದು, ಅದು ಸಾಧು ಪ್ರಾಣಿ, ಅದನ್ನು ಹಿಡಿಯುವುದು ಸುಲಭ ಎಂಬವೇ ಕಾರಣಗಳು. ಸಾಧುತ್ವವು ಪ್ರಾಣಿಗೆ ಶಾಪವಾಗುವುದು ಇಂತಹ ಕಡೆಗಳಲ್ಲಿ.

ಈ ಪರೀಕ್ಷೆ ಕ್ರೂರವಾದರೂ ನಿಖರವಾಗಿತ್ತೇ ಎಂದು ಕೇಳಿದರೆ ಅದೂ ಸಂದೇಹಾಸ್ಪದ. 1971ರಲ್ಲಿ ವೀಲ್ ಮತ್ತು ಸ್ಕಾಲಾ ಎಂಬಿಬ್ಬರು ಒಂದೇ ಬಗೆಯ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಶಾಲೆಗಳಿಗೆ ಕೊಟ್ಟು, ಮೊಲಗಳ ಕಣ್ಣು ಮತ್ತು ಚರ್ಮದ ಮೇಲೆ ಪರೀಕ್ಷಿಸಿ ಬಂದ ಫಲಿತಾಂಶಗಳನ್ನು ಹೋಲಿಸಿದರು. ಒಂದು ಕಡೆ ತೀವ್ರ ಉರಿಯನ್ನುಂಟುಮಾಡುವುದೆಂದು ಬರೆದ ಪದಾರ್ಥವನ್ನು ಇನ್ನೊಂದು ಕಡೆ ಸೌಮ್ಯವೆಂದು ಬರೆದಿದ್ದರು. ನೋಡುವ ಕಣ್ಣು ಬೇರೆಯಾದರೆ ಕೆಂಪಿನ ಅಂಕವೂ ಬೇರೆ. ಅಲ್ಲದೆ ಮೊಲದ ಚರ್ಮವು ಮನುಷ್ಯನ ಚರ್ಮವಲ್ಲ; ಮನುಷ್ಯನಿಗೆ ಏನೂ ಮಾಡದ ಎಷ್ಟೋ ಪದಾರ್ಥಗಳಿಗೆ ಅದು ಕೆಂಪಾಗುತ್ತದೆ.

ಹಾಗಾದರೆ ಪರೀಕ್ಷೆಯನ್ನೇ ಬಿಟ್ಟುಬಿಡಬಾರದೇಕೆ? ಅಹಿಂಸಾಧರ್ಮಿಗಳು ಆತುರದಿಂದ ಕೊಡುವ ಉತ್ತರ ಇದೇ. ಈ ಉತ್ತರವು ಅರ್ಧ ಅಹಿಂಸೆ ಮಾತ್ರ.

ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ಬೆಂಗಳೂರು ನೀಲಿ ಎಂಬ ದ್ರಾಕ್ಷಿಯ ತೋಟಗಳಿವೆ. ಮಳೆ ಹಿಡಿದ ದಿನಗಳಲ್ಲಿ ಎಲೆಗೆ ಬೂಷ್ಟು ಬರುತ್ತದೆ. ಮೈಲುತುತ್ತ ಸುಣ್ಣದ ದ್ರಾವಣದಿಂದ ಹಿಡಿದು ಇತ್ತೀಚಿನ ಔಷಧಗಳವರೆಗೆ ಒಂದರ ಮೇಲೊಂದು ಸಿಂಪಡಿಸಬೇಕಾಗುತ್ತದೆ. ಸಿಂಪಡಿಸುವ ಕೂಲಿಯವನು ಚಪ್ಪರದ ಕೆಳಗೆ ನಿಂತು ಮೇಲಕ್ಕೆ ಕೈಯೆತ್ತಿ ಹೊಡೆಯುವುದರಿಂದ ದ್ರಾವಣವು ಹಿಂದಿರುಗಿ ಅವನ ಮುಖ, ಕತ್ತು, ತೋಳುಗಳ ಮೇಲೆಯೇ ಬೀಳುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ನೂಲಿನ ಬಣ್ಣ ಕಟ್ಟುವವರ ಕೈಗಳು ದಿನವೆಲ್ಲ ಬಣ್ಣದ ನೀರಿನಲ್ಲಿ. ಹೊಸಕೋಟೆಯ ಪಿಳ್ಳಗುಂಪೆ, ನೆಲಮಂಗಲದ ದಾಬಸ್‌ಪೇಟೆ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ದ್ರಾವಕಗಳನ್ನು ಕೈಯಾರೆ ಮುಟ್ಟುವ ಕಾರ್ಮಿಕರಿದ್ದಾರೆ. ಪರೀಕ್ಷಿಸದ ಪದಾರ್ಥವನ್ನು ಮಾರುಕಟ್ಟೆಗೆ ಬಿಟ್ಟರೆ ಪರೀಕ್ಷೆ ನಿಲ್ಲುವುದಿಲ್ಲ. ಅದು ಈ ಜನರ ಚರ್ಮದ ಮೇಲೆ ನಡೆಯುತ್ತದೆ. ಕೂಲಿಯವನೂ ಪಂಚೇಂದ್ರಿಯ ಸಂಜ್ಞಿ ಜೀವಿಯೇ. ಮೊಲವನ್ನು ಬಿಡಿಸಿ ಅವನನ್ನು ಕಟ್ಟಿದರೆ ವ್ರತ ಪಾಲನೆಯಾದಂತೆ ಆಗದು.

ಈ ಇಕ್ಕಟ್ಟು ಎಷ್ಟು ನಿಜವಾದುದೆಂಬುದನ್ನು ತೋರಿಸುವ ಒಂದು ಸಂಶೋಧನೆಯು ಸಮೀಪದಲ್ಲಿಯೇ ನಡೆದಿದೆ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯವರು ರೈತರ ಚರ್ಮದ ಮೇಲೆ ಹಚ್ಚಿಕೊಳ್ಳುವ ಒಂದು ಲೇಪವನ್ನು ಸಿದ್ಧಪಡಿಸಿ 2018ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಚರ್ಮದ ಮೂಲಕ ರಕ್ತವನ್ನು ಸೇರಿ, ನರಗಳ ಸಂದೇಶವನ್ನು ಸಕಾಲದಲ್ಲಿ ನಿಲ್ಲಿಸುವ ಕಿಣ್ವವೊಂದನ್ನು ಕಟ್ಟಿಹಾಕುತ್ತವೆ. ಸ್ನಾಯುಗಳು ನಿಯಂತ್ರಣ ತಪ್ಪುತ್ತವೆ, ಉಸಿರೂ ನಿಲ್ಲಬಹುದು. ಈ ಲೇಪವು ವಿಷವನ್ನು ಚರ್ಮದ ಮೇಲೆಯೇ ಒಡೆದು ನಿರುಪದ್ರವಿಯಾಗಿಸುತ್ತದೆ. ಅದರ ಗುಣವನ್ನು ಸ್ಥಾಪಿಸಿದುದು ಇಲಿಗಳ ಮೇಲೆ: ಲೇಪವಿಲ್ಲದೆ ವಿಷವನ್ನು ಹಚ್ಚಿದ ಇಲಿಗಳು ಸತ್ತುವು, ಲೇಪವಿದ್ದುವು ಉಳಿದುವು. ಅದೇ ತತ್ತ್ವವನ್ನು ಬಟ್ಟೆಗೆ ಅಳವಡಿಸಿ ತಯಾರಿಸಿದ ‘ಕಿಸಾನ್ ಕವಚ್’ ಎಂಬ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಕೂಲಿಯವನ ಪ್ರಾಣವನ್ನುಳಿಸುವ ಉದ್ದೇಶ ಶುದ್ಧವಾದುದು. ಇಲಿಗಳ ಮರಣವೂ ಸುಳ್ಳಲ್ಲ. ಇಂತಹ ಕಡೆ ಗೃಹಸ್ಥನು ಸುಲಭವಾದ ತೀರ್ಪು ಕೊಡಬಾರದು.

ತೀರ್ಪಿಗೆ ಹೊಸ ಆಧಾರವನ್ನು ಒದಗಿಸಿದುದು ವಿಜ್ಞಾನವೇ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಪ್ರಾಣಿಪ್ರಯೋಗದ ವಿಷಯದಲ್ಲಿ ಮೂರು ನಿಯಮಗಳನ್ನು ಸೂಚಿಸಿದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಅದಾಗದಿದ್ದರೆ ಪ್ರಾಣಿಗಳ ಸಂಖ್ಯೆಯಲ್ಲಿ ಕಡಿತ, ಅದೂ ಆದ ಮೇಲೆ ಉಳಿದ ಪ್ರಾಣಿಗಳ ನೋವಿನಲ್ಲಿ ಇಳಿಕೆ. ಅವರು ಜೈನರಲ್ಲ, ಅವರ ಗ್ರಂಥದಲ್ಲಿ ಧರ್ಮದ ಮಾತೂ ಇಲ್ಲ. ಆದರೂ ಸ್ಥೂಲವಾದುದನ್ನು ಮೊದಲು ಬಿಟ್ಟು ಉಳಿದುದಕ್ಕೆ ಮಿತಿ ಹಾಕಿಕೊಳ್ಳುವ ಅಣುವ್ರತದ ಕ್ರಮವನ್ನು ಬಲ್ಲವರಿಗೆ ಈ ಮೂರು ಮೆಟ್ಟಿಲುಗಳು ಅಪರಿಚಿತವೆನಿಸಲಾರವು.

ಮೊದಲನೆಯ ಮೆಟ್ಟಿಲು, ಎಂದರೆ ಪೂರ್ಣ ಬದಲಿ, ಚರ್ಮದ ವಿಷಯದಲ್ಲಿ ಸಾಧ್ಯವಾದ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ಇಲ್ಲವಾದರೆ ಎಸೆದುಬಿಡುತ್ತಿದ್ದ, ಮನುಷ್ಯ ಚರ್ಮದ ಚೂರನ್ನು ದಾನಿಯ ಒಪ್ಪಿಗೆಯಿಂದ ಪಡೆದು ಅದರಿಂದ ಮೇಲ್ಚರ್ಮದ ಜೀವಕೋಶಗಳನ್ನು ಬೇರ್ಪಡಿಸುತ್ತಾರೆ. ಬೆರಳಿನ ಉಗುರಿನಷ್ಟು ಅಗಲದ ತೆಳ್ಳನೆಯ ಪೊರೆಯ ಮೇಲೆ ಅವುಗಳನ್ನು ಬಿತ್ತಿ, ಕೆಳಗಿನಿಂದ ಪೋಷಕ ದ್ರವವೂ ಮೇಲಿನಿಂದ ಗಾಳಿಯೂ ತಾಗುವಂತೆ ಇಡುತ್ತಾರೆ. ಗಾಳಿಯ ಸ್ಪರ್ಶವೇ ಇಲ್ಲಿಯ ಗುಟ್ಟು. ಕೆಲವು ವಾರಗಳಲ್ಲಿ ಜೀವಕೋಶಗಳು ಪದರ ಪದರವಾಗಿ ಬೆಳೆದು, ಮೇಲಿನವು ಒಣಗಿ ಗಟ್ಟಿಯಾಗಿ, ನಮ್ಮ ಮೈಮೇಲಿರುವಂತಹುದೇ ಕೊಂಬಿನಂತಹ ಹೊರಪದರವು ಸಿದ್ಧವಾಗುತ್ತದೆ. ಇದಕ್ಕೆ ರಕ್ತವಿಲ್ಲ, ನರವಿಲ್ಲ, ನೋವಿಲ್ಲ.

ಪರೀಕ್ಷಿಸಬೇಕಾದ ಪದಾರ್ಥವನ್ನು ಇಂತಹ ಮೂರು ಚರ್ಮಗಳ ಮೇಲೆ ನಿಗದಿಯಾದಷ್ಟು ನಿಮಿಷ ಇಟ್ಟು ತೊಳೆದು, 42 ಗಂಟೆ ಬೆಚ್ಚಗೆ ಇಡುತ್ತಾರೆ. ಆಮೇಲೆ ಎಂ.ಟಿ.ಟಿ. ಎಂಬ ಹಳದಿ ಬಣ್ಣದ ದ್ರಾವಣದಲ್ಲಿ ಅದ್ದುತ್ತಾರೆ. ಬದುಕಿರುವ ಜೀವಕೋಶವು ಈ ಹಳದಿಯನ್ನು ನೇರಳೆಯಾಗಿ ಮಾರ್ಪಡಿಸುತ್ತದೆ. ಸತ್ತ ಜೀವಕೋಶಕ್ಕೆ ಆ ಶಕ್ತಿಯಿಲ್ಲ. ನೇರಳೆ ಎಷ್ಟು ಗಾಢವೆಂದು ಯಂತ್ರವು ಅಳೆಯುತ್ತದೆ. ಪಕ್ಕದಲ್ಲಿ ಬರಿಯ ಲವಣದ್ರಾವಣ ಹಚ್ಚಿದ ಚರ್ಮವೂ, ಮಾರ್ಜಕಗಳಲ್ಲಿ ಇರುವಂತಹ ಎಸ್.ಡಿ.ಎಸ್. ಎಂಬ ಪದಾರ್ಥದ ಶೇಕಡ 5ರ ದ್ರಾವಣವನ್ನು ಹಚ್ಚಿದ ಚರ್ಮವೂ ಹೋಲಿಕೆಗಾಗಿ ಇರುತ್ತವೆ. ಹೋಲಿಕೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಕಡಮೆ ಜೀವಕೋಶಗಳು ಬದುಕುಳಿದಿದ್ದರೆ ಆ ಪದಾರ್ಥವು ಚರ್ಮಕ್ಕೆ ಉರಿಯನ್ನುಂಟುಮಾಡುವಂತಹುದೆಂದು ತೀರ್ಮಾನ. ಕೆಂಪಿಗೆ ಅಂಕ ಕೊಡುವ ಕಣ್ಣಿನ ಮರ್ಜಿ ಇಲ್ಲಿಲ್ಲ. ಚರ್ಮವನ್ನು ಸುಟ್ಟುಬಿಡುವ ತೀಕ್ಷ್ಣ ಪದಾರ್ಥಗಳಿಗೆ ಇಂತಹ ಪರೀಕ್ಷೆಯನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು (ಓ.ಇ.ಸಿ.ಡಿ.) 2004ರಲ್ಲಿಯೇ ಅಂಗೀಕರಿಸಿತು, ಉರಿಯ ಪರೀಕ್ಷೆಯನ್ನು 2010ರಲ್ಲಿ. ಭಾರತವು ಆ ಸಂಸ್ಥೆಯ ಸದಸ್ಯ ರಾಷ್ಟ್ರವಲ್ಲದಿದ್ದರೂ 2011ರಿಂದ ಅದರ ಪರಸ್ಪರ ಅಂಗೀಕಾರದ ಒಪ್ಪಂದಕ್ಕೆ ಸೇರಿದೆ. ಎಂದರೆ ಮಾನ್ಯತೆ ಪಡೆದ ಭಾರತೀಯ ಪ್ರಯೋಗಶಾಲೆಯು ಆ ವಿಧಾನದಲ್ಲಿ ಮಾಡಿದ ಪರೀಕ್ಷೆಯನ್ನು ಪ್ಯಾರಿಸಿನಲ್ಲಿಯೋ ಟೋಕಿಯೋದಲ್ಲಿಯೋ ಮತ್ತೆ ಮಾಡಬೇಕಾಗಿಲ್ಲ. ಒಂದೇ ಪದಾರ್ಥಕ್ಕೆ ದೇಶಕ್ಕೊಂದು ಸಲ ಪ್ರಾಣಿಗಳು ಬಲಿಯಾಗುವುದೂ ಇದರಿಂದ ತಪ್ಪುತ್ತದೆ.

ಕೀಟನಾಶಕವು ಚರ್ಮದ ಮೂಲಕ ಒಳಗೆ ಎಷ್ಟು ಇಳಿಯುವುದೆಂಬುದು ದ್ರಾಕ್ಷಿತೋಟದ ಕೂಲಿಯವನ ನಿಜವಾದ ಪ್ರಶ್ನೆ. ಇದಕ್ಕೂ ವಿಧಾನವಿದೆ. ಶಸ್ತ್ರಚಿಕಿತ್ಸೆಯಿಂದ ದೊರೆತ ಮನುಷ್ಯ ಚರ್ಮವನ್ನು ಎರಡು ಗಾಜಿನ ಕೋಣೆಗಳ ನಡುವೆ ಪರದೆಯಂತೆ ಬಿಗಿದು, ಮೇಲಿನ ಕೋಣೆಗೆ ಕೀಟನಾಶಕವನ್ನು ಹಾಕಿ, ಕೆಳಗಿನ ಕೋಣೆಯ ದ್ರವದಲ್ಲಿ ಗಂಟೆಗಂಟೆಗೂ ಎಷ್ಟು ಬಂದು ಸೇರಿತೆಂದು ಅಳೆಯುತ್ತಾರೆ. ಇದು ಸಹ 2004ರಿಂದ ಅಂತರರಾಷ್ಟ್ರೀಯ ಮನ್ನಣೆ ಪಡೆದ ವಿಧಾನ. ಇಲಿಯ ಚರ್ಮವು ಮನುಷ್ಯ ಚರ್ಮಕ್ಕಿಂತ ಹೆಚ್ಚು ಸುಲಭವಾಗಿ ಪದಾರ್ಥಗಳನ್ನು ಒಳಬಿಡುವುದರಿಂದ, ಮನುಷ್ಯನ ವಿಷಯದಲ್ಲಿ ಈ ಗಾಜಿನ ಕೋಣೆಯ ಉತ್ತರವೇ ಹೆಚ್ಚು ನೇರವಾದುದು.

ಉರಿಗಿಂತ ಕಠಿನವಾದುದು ಅಲರ್ಜಿಯ ಪ್ರಶ್ನೆ. ಈ ಸೀಮೆಯ ಬೀಳು ನೆಲಗಳಲ್ಲೆಲ್ಲ ಹಬ್ಬಿರುವ ಪಾರ್ಥೇನಿಯಂ, ಎಂದರೆ ಕಾಂಗ್ರೆಸ್ ಗಿಡವನ್ನು ಅರಿಯದವರಿಲ್ಲ. ಮೊದಲ ದಿನ ಕಿತ್ತವನಿಗೆ ಏನೂ ಆಗುವುದಿಲ್ಲ. ವರ್ಷಗಳು ಕಳೆದ ಮೇಲೆ ಗಿಡದ ಗಾಳಿ ಸೋಕಿದರೂ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕಜ್ಜಿ ಏಳುತ್ತದೆ. ಗಿಡದಲ್ಲಿರುವ ಪಾರ್ಥೇನಿನ್ ಎಂಬ ಪದಾರ್ಥವು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಜೀವಕೋಶಗಳು ಅಪಾಯದ ಸೂಚನೆ ಕೊಡುತ್ತವೆ. ಕಾವಲು ಕೋಶಗಳು ಎಚ್ಚೆತ್ತು ಅದನ್ನು ಗುರುತಿಟ್ಟುಕೊಳ್ಳುತ್ತವೆ. ಕೊನೆಗೆ ದೇಹದ ರಕ್ಷಕ ಕೋಶಗಳು ಆ ಪದಾರ್ಥದ ವಿರುದ್ಧ ವೃದ್ಧಿಯಾಗುತ್ತವೆ. ಹೊಸ ಬಣ್ಣವೋ ಸುಗಂಧವೋ ಈ ದಾರಿಯನ್ನು ಹಿಡಿಯುವುದೇ ಎಂದು ತಿಳಿಯಲು ಬಹುಕಾಲ ಗಿನಿಪಿಗ್‌ಗಳಿಗೆ ಚುಚ್ಚುಮದ್ದು ಕೊಟ್ಟು ನೋಡುತ್ತಿದ್ದರು. ಆಮೇಲೆ ಚಿಕ್ಕ ಇಲಿಗಳ ಕಿವಿಗೆ ಹಚ್ಚಿ, ಅವುಗಳನ್ನು ಕೊಂದು ಗ್ರಂಥಿಗಳನ್ನು ಪರಿಶೀಲಿಸುವ ಪದ್ಧತಿ ಬಂದಿತು.

ಈಗ ದಾರಿಯ ಒಂದೊಂದು ಹೆಜ್ಜೆಗೂ ಪ್ರತ್ಯೇಕ ಪರೀಕ್ಷೆಯುಂಟು. ಪ್ರೋಟೀನಿನ ತುಣುಕುಗಳೊಡನೆ ಪದಾರ್ಥವನ್ನು ಶೀಶೆಯಲ್ಲಿ ಒಂದು ದಿನ ಬೆರೆಸಿಟ್ಟು ಎಷ್ಟು ಅಂಟಿತೆಂದು ಅಳೆಯುವುದು ಒಂದು. ಅಪಾಯದ ಸೂಚನೆ ಹೊರಟೊಡನೆ ಮಿಂಚುಹುಳದಂತೆ ಬೆಳಗುವ ಹಾಗೆ ಮಾರ್ಪಡಿಸಿದ ಮನುಷ್ಯ ಚರ್ಮಕೋಶಗಳ ಮೇಲೆ ನೋಡುವುದು ಎರಡನೆಯದು. ಮನುಷ್ಯ ರಕ್ತಮೂಲದ ಕೋಶಗಳು ಎಚ್ಚೆತ್ತ ಗುರುತನ್ನು ಹುಡುಕುವುದು ಮೂರನೆಯದು. ಯಾವ ಒಂದೂ ತಾನಾಗಿ ಪೂರ್ಣವಲ್ಲವಾದುದರಿಂದ, ಮೂರರಲ್ಲಿ ಎರಡು ಒಪ್ಪಿದರೆ ಅಲರ್ಜಿಯುಂಟೋ ಇಲ್ಲವೋ ಎಂಬ ತೀರ್ಮಾನವನ್ನು ಒಪ್ಪಬಹುದೆಂದು 2021ರಲ್ಲಿ ಓ.ಇ.ಸಿ.ಡಿ. ನಿಶ್ಚಯಿಸಿತು. ಇದನ್ನು ಅನೇಕಾಂತಕ್ಕೆ ವಿಜ್ಞಾನವು ಕೊಟ್ಟ ಪ್ರಮಾಣಪತ್ರವೆಂದು ಹೊಗಳುವ ಅಗತ್ಯವಿಲ್ಲ. ಅನೇಕಾಂತಕ್ಕೆ ಅಂತಹ ಪತ್ರ ಬೇಕಾಗಿಯೂ ಇಲ್ಲ. ಮನುಷ್ಯರಲ್ಲಿ ಕಂಡುಬಂದ ಅಲರ್ಜಿಯ ಮಾಹಿತಿಯೊಡನೆ ಹೋಲಿಸಿದಾಗ ಈ ಸಂಯುಕ್ತ ವಿಧಾನವು ಇಲಿಯ ಪರೀಕ್ಷೆಗೆ ಕಡಮೆಯಾಗಲಿಲ್ಲವೆಂಬುದೇ ಮುಖ್ಯ.

ಇಷ್ಟನ್ನು ಓದಿ ಹೊಸ ವಿಧಾನಗಳೆಲ್ಲ ನಿರ್ದೋಷವೆಂದು ತಿಳಿಯಬಾರದು. ವ್ರತದ ವಿಷಯದಲ್ಲಿ ಹೆಸರನ್ನು ನಂಬದೆ ಮೂಲವನ್ನು ಶೋಧಿಸುವುದು ನಮ್ಮಲ್ಲಿ ರೂಢಿ. ನೀರನ್ನು ಕೂಡ ಸೋಸಿ ಕುಡಿಯುವ ಸಮಾಜವಿದು. ತಟ್ಟೆಯಲ್ಲಿ ಬೆಳೆಯುವ ಅನೇಕ ಜಾತಿಯ ಜೀವಕೋಶಗಳಿಗೆ ಆಹಾರವಾಗಿ ಹಾಕುವ ದ್ರವದಲ್ಲಿ ಕರುವಿನ ಸೀರಮ್ ಎಂಬುದಿರುತ್ತದೆ. ಗರ್ಭಿಣಿ ಹಸುವನ್ನು ಕಸಾಯಿಖಾನೆಯಲ್ಲಿ ಕೊಂದಾಗ ಅದರ ಗರ್ಭದಲ್ಲಿರುವ ಕರುವಿನ ರಕ್ತದಿಂದ ತೆಗೆದುದು ಅದು. ‘ಪ್ರಾಣಿರಹಿತ’ ಎಂಬ ಶೀರ್ಷಿಕೆಯ ಕೆಳಗೆ ಇದು ಅಡಗಿರಬಹುದು. ಮನುಷ್ಯ ಚರ್ಮಕೋಶಗಳನ್ನು ಪ್ರಯೋಗಶಾಲೆಯಲ್ಲಿ ಹೇರಳವಾಗಿ ಬೆಳೆಸುವ ಮಾರ್ಗವನ್ನು ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ತೋರಿಸಿದಾಗ ಆಧಾರವಾಗಿ ಇಲಿಯ ಜೀವಕೋಶಗಳ ಹಾಸನ್ನೇ ಬಳಸಿದ್ದರು. ಕಣ್ಣಿನ ಪರೀಕ್ಷೆಗೆ ಬದಲಿಯೆಂದು 2009ರಲ್ಲಿ ಅಂಗೀಕೃತವಾದ ಎರಡು ವಿಧಾನಗಳಲ್ಲಿ ಒಂದಕ್ಕೆ ಕಸಾಯಿಖಾನೆಯ ದನದ ಕಣ್ಣು ಬೇಕು, ಇನ್ನೊಂದಕ್ಕೆ ಕೋಳಿಯ ಕಣ್ಣು. ಪರೀಕ್ಷೆಗಾಗಿ ಆ ದನವನ್ನು ಕೊಲ್ಲಲಿಲ್ಲ, ನಿಜ. ಆದರೆ ಕೊಲೆಯ ಉಳಿಕೆಗೆ ಬೆಲೆ ಕೊಟ್ಟು ಕೊಳ್ಳುವುದನ್ನು ಶ್ರಾವಕಾಚಾರವು ಎಂದೂ ನಿರ್ದೋಷವೆಂದಿಲ್ಲ.

ಹೀಗೆಂದು ಹೊಸ ವಿಧಾನಗಳನ್ನೇ ತಳ್ಳಿಹಾಕುವುದೂ ವಿವೇಕವಲ್ಲ. ಸೀರಮ್ ಇಲ್ಲದ ಪೋಷಕ ದ್ರವಗಳು ಇಂದು ದೊರೆಯುತ್ತವೆ. ಮನುಷ್ಯ ರಕ್ತದ ಕಿರುಬಿಲ್ಲೆಗಳಿಂದ ತಯಾರಾದ ಪೋಷಕವೂ ಉಂಟು. ಮೇಲ್ಚರ್ಮದ ಕೋಶಗಳಂತೂ ಸೀರಮ್ ಇಲ್ಲದೆಯೂ ಚೆನ್ನಾಗಿ ಬೆಳೆಯಬಲ್ಲವು. ಮನುಷ್ಯ ಜೀವಕೋಶಗಳಿಂದ ಬೆಳೆಸಿದ ಕಾರ್ನಿಯಾದಂತಹ ಪೊರೆಯನ್ನು ಬಳಸುವ ಪರೀಕ್ಷೆಯು 2015ರಿಂದ ಅಂಗೀಕೃತವಾಗಿರುವುದರಿಂದ ದನದ ಕಣ್ಣನ್ನು ಅವಲಂಬಿಸಬೇಕಾದ ಸಂದರ್ಭಗಳು ಕಡಮೆಯಾಗಿವೆ. ಆದುದರಿಂದ ‘ಪ್ರಾಣಿಯ ಮೇಲೆ ಪರೀಕ್ಷಿಸಿದ್ದೀರಾ?’ ಎಂಬ ಪ್ರಶ್ನೆಯ ಹಿಂದೆಯೇ ‘ಜೀವಕೋಶಗಳಿಗೆ ಏನನ್ನು ಉಣಿಸಿದಿರಿ?’ ಎಂಬ ಪ್ರಶ್ನೆಯೂ ಬರಬೇಕು. ನುಂಗಿದ ವಿಷದ ಪರೀಕ್ಷೆಯಲ್ಲಿ ಮಾತ್ರ ಬದಲಿ ಇನ್ನೂ ದೂರವಿದೆ. ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಕಂಡುಹಿಡಿಯುವ, 1927ರಲ್ಲಿ ಟ್ರೆವನ್ ಎಂಬಾತ ಹೇಳಿಕೊಟ್ಟ ಪದ್ಧತಿಯ ಹಳೆಯ ರೂಪವನ್ನು ಓ.ಇ.ಸಿ.ಡಿ. 2002ರಲ್ಲಿ ರದ್ದುಪಡಿಸಿತಾದರೂ, ಅದರ ಸ್ಥಾನಕ್ಕೆ ಬಂದವು ಕಡಮೆ ಇಲಿಗಳನ್ನು ಬಳಸುವ ಪರೀಕ್ಷೆಗಳೇ. ಮೇಲೆ ಹೇಳಿದ ಇಲಿಯ ರಾತ್ರಿ ಇನ್ನೂ ಮುಗಿದಿಲ್ಲ.

ಕಾನೂನಿನ ಸ್ಥಿತಿ ಹೀಗಿದೆ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ರೂಪುಗೊಂಡ 1960ರ ಪ್ರಾಣಿಹಿಂಸಾ ನಿವಾರಣೆ ಕಾಯಿದೆಯು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಅವುಗಳ ಮೇಲ್ವಿಚಾರಣೆಗೆ ಸಮಿತಿಯೊಂದಕ್ಕೆ ಅವಕಾಶ ಕಲ್ಪಿಸಿತು. ತಪ್ಪಿಸಬಹುದಾದ ಪ್ರಯೋಗಗಳನ್ನು ತಪ್ಪಿಸಬೇಕೆಂದು ಅದರ ಹದಿನೇಳನೆಯ ಪ್ರಕರಣದಲ್ಲಿದೆ. ಅಲ್ಲಿಯೇ ಇನ್ನೊಂದು ಮಾತೂ ಇದೆ: ಗಿನಿಪಿಗ್, ಮೊಲ, ಕಪ್ಪೆ, ಇಲಿಗಳಂತಹ ಚಿಕ್ಕ ಪ್ರಾಣಿಗಳಿಂದ ಅದೇ ಫಲಿತಾಂಶ ಬರುವುದಾದರೆ ದೊಡ್ಡ ಪ್ರಾಣಿಗಳನ್ನು ಬಳಸಬಾರದು. ಜನಸಾಮಾನ್ಯರ ಮನಸ್ಸೂ ಇದನ್ನೇ ಒಪ್ಪುತ್ತದೆ. 2016ರಲ್ಲಿ ಬೆಂಗಳೂರಿನ ಪ್ರಯೋಗಶಾಲೆಯೊಂದರಿಂದ ನೂರೈವತ್ತಕ್ಕೂ ಹೆಚ್ಚು ಬೀಗಲ್ ನಾಯಿಗಳು ಬಿಡುಗಡೆಯಾಗಿ ಪ್ರಾಣಿದಯಾ ಸಂಸ್ಥೆಯ ಮೂಲಕ ಮನೆಗಳನ್ನು ಸೇರಿದಾಗ ಪತ್ರಿಕೆಗಳಲ್ಲಿ ಚಿತ್ರಗಳು ಬಂದುವು. ಇಲಿಗಳಿಗೆ ಅಂತಹ ಚಿತ್ರಗಳಿಲ್ಲ. ಆದರೆ ಜೈನ ಜೀವವಿಚಾರದಲ್ಲಿ ಲೆಕ್ಕ ಗಾತ್ರದಿಂದಲ್ಲ, ಇಂದ್ರಿಯಗಳಿಂದ. ನಾಯಿಗೆ ಐದು, ಇಲಿಗೂ ಐದು. ನಾಯಿಯನ್ನು ಬಿಟ್ಟು ಇಲಿಯನ್ನು ಹಿಡಿದರೆ ನೋಡುವವರ ಸಂಕಟ ಕಡಮೆಯಾಗುವುದೇ ಹೊರತು ಹಿಂಸೆಯ ಲೆಕ್ಕ ಬದಲಾಗದು.

ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ ಸರ್ಕಾರವು 2014ರ ಮೇ ತಿಂಗಳಿನಲ್ಲಿ ನಿಷೇಧಿಸಿತ್ತು. ಹಾಗೆ ಪರೀಕ್ಷಿಸಿದವುಗಳ ಆಮದಿಗೂ ಅದೇ ವರ್ಷದ ನವೆಂಬರಿನಿಂದ ತಡೆಯಾಯಿತು. ಇದರಿಂದ ಸ್ನಾನದ ಸಾಬೂನು, ತಲೆಗೆ ಹಚ್ಚುವ ಬಣ್ಣ, ಮುಖದ ಪುಡಿ ಮೊದಲಾದುವು ನಿಷೇಧದ ವ್ಯಾಪ್ತಿಗೆ ಬಂದುವು. ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ದ್ರಾವಣ, ಗೋಡೆಯ ಬಣ್ಣ, ನೂಲಿನ ಬಣ್ಣ, ಕೀಟನಾಶಕ ಇವು ಯಾವುವೂ ಸೌಂದರ್ಯ ಸಾಧನಗಳಲ್ಲ. 1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ ನೋಂದಣಿಗೆ ಸಲ್ಲಿಸಬೇಕಾದ ವಿಷಪರೀಕ್ಷೆಗಳಲ್ಲಿ ಪ್ರಾಣಿಗಳ ಪಾಲು ದೊಡ್ಡದು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಪಡುವವರು ತಿಳಿಯಬೇಕಾದುದೇನೆಂದರೆ, ಆ ಚುಕ್ಕೆಯು ಒಳಗಿನ ವಸ್ತು ಯಾವುದರಿಂದ ಬಂದಿತೆಂದು ಹೇಳುವುದೇ ಹೊರತು ಅದನ್ನು ಯಾರ ಮೇಲೆ ಪರೀಕ್ಷಿಸಿದರೆಂದು ಹೇಳುವುದಿಲ್ಲ.

ಇನ್ನು ವ್ರತದ ವಿಚಾರ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದುವುಗಳಲ್ಲಿ ಯತ್ನಾಚಾರದಿಂದ ಇರಬೇಕೆಂದು ಹೇಳುವುದು ಸರ್ವವಿದಿತ. ಅಡಿಗೆಯಲ್ಲಿ, ಕೃಷಿಯಲ್ಲಿ, ವ್ಯಾಪಾರದಲ್ಲಿ ತಪ್ಪಿಸಲಾರದೆ ಆಗುವ ಹಿಂಸೆಗೆ ಗೃಹಸ್ಥನ ಮಟ್ಟಿಗೆ ಕ್ಷಮೆಯುಂಟು. ಕ್ಷಮೆಗೆ ಆಧಾರ ‘ತಪ್ಪಿಸಲಾರದೆ’ ಎಂಬ ಒಂದು ಪದ. 1944ರಲ್ಲಿ ಮೊಲದ ಹೊರತು ಬೇರೆ ದಾರಿ ಕಾಣದಿದ್ದಾಗ ಕಾರ್ಮಿಕನ ರಕ್ಷಣೆಗಾಗಿ ಅದನ್ನು ಕಟ್ಟಿದವನು ತನ್ನ ಹಿಂಸೆಯನ್ನು ಉದ್ಯೋಗೀ ಎಂದು ಕರೆದುಕೊಳ್ಳಬಹುದಾಗಿತ್ತು. ಮನುಷ್ಯ ಚರ್ಮಕೋಶಗಳ ಪರೀಕ್ಷೆಯು ಅಂಗೀಕಾರವಾಗಿ, ಮೊಲದ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮವೇ ಮೊದಲು ಜೀವಕೋಶ, ಮೊಲ ಕೊನೆಗೆ ಎಂದು ಹೇಳುತ್ತಿರುವಾಗ, ಅದೇ ಮೊಲವನ್ನು ಅಭ್ಯಾಸಬಲದಿಂದಲೋ ಖರ್ಚಿನ ಲೆಕ್ಕದಿಂದಲೋ ಕಟ್ಟುವವನಿಗೆ ಆ ಹೆಸರು ಉಳಿಯುವುದಿಲ್ಲ. ಕೃತ್ಯ ಬದಲಾಗಲಿಲ್ಲ, ಬದಲಿ ಬಂದುದರಿಂದ ಅದರ ವರ್ಗವೇ ಬದಲಾಯಿತು. ಕ್ಷಮೆಗೆ ಅರ್ಹವಾಗಿದ್ದುದು ಸಂಕಲ್ಪದ ಕಡೆಗೆ ಸರಿಯಿತು. ಇನ್‌ಸ್ಟೆಮ್‌ನ ಲೇಪದಂತಹ ಸಂದರ್ಭವು ಇದಕ್ಕೆ ಸೇರುವುದಿಲ್ಲ. ಇಡೀ ದೇಹಕ್ಕೆ ವಿಷವೇರುವುದನ್ನು ತೋರಿಸುವ ಪೂರ್ಣ ಬದಲಿ ಇಂದಿಗೂ ಇಲ್ಲ. ಇವೆರಡರ ಅಂತರವನ್ನು ಕಾಣದೆ ಎರಡನ್ನೂ ಒಂದೇ ಮಾತಿನಿಂದ ನಿಂದಿಸುವವರಿಂದ ಅಹಿಂಸೆಗೆ ಹಾನಿಯೇ ಹೆಚ್ಚು.

ತಾನು ಮೊಲವನ್ನು ಮುಟ್ಟಲಿಲ್ಲವೆಂಬುದು ಕೊಳ್ಳುವವನಿಗೂ ಮಾರುವವನಿಗೂ ಸಾಲದು. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಲ್ಲಿ ಹಣವು ಎರಡನೆಯದು, ವಿಚಾರಿಸದಿರುವುದು ಮೂರನೆಯದು. ದೊಡ್ಡಬಳ್ಳಾಪುರದಲ್ಲಿ ಬಣ್ಣದ ಅಂಗಡಿ, ವಿಜಯಪುರದಲ್ಲಿ ಕೀಟನಾಶಕದ ಅಂಗಡಿ ಇಟ್ಟಿರುವ ಶ್ರಾವಕನಿಗೆ ತಯಾರಕರಿಗೆ ಒಂದು ಪತ್ರ ಬರೆಯುವುದು ಕಷ್ಟವಲ್ಲ. ಪದಾರ್ಥವನ್ನಾಗಲಿ ಅದರ ಯಾವ ಅಂಶವನ್ನಾಗಲಿ ನೀವು, ಅಥವಾ ನಿಮ್ಮ ಪರವಾಗಿ ಬೇರೆಯವರು, ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೀರಾ? ಹಾಗಿದ್ದರೆ ಯಾವ ಕಾನೂನಿನ ಯಾವ ನಿಯಮವು ಅದನ್ನು ಕೇಳಿತು? ಅದೇ ಪರೀಕ್ಷೆಗೆ ಅಂಗೀಕೃತ ಬದಲಿ ಇದ್ದಿತೇ, ಇದ್ದರೆ ಏಕೆ ಬಳಸಲಿಲ್ಲ? ಜೀವಕೋಶಗಳಿಗೆ ಕರುವಿನ ಸೀರಮ್ ಬಳಸಿದಿರಾ? ಕೈಗವಸು, ಉಡುಪುಗಳಿಲ್ಲದೆ ಸಿಂಪಡಿಸುವ ಕೂಲಿಯವನಿಗಾಗಿ ಏನು ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿದ್ದೀರಿ? ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದರೆ ದೋಷವು ತಯಾರಕನಲ್ಲಿದೆಯೋ ನಿಯಮದಲ್ಲಿದೆಯೋ ಎಂದು ತಿಳಿಯುತ್ತದೆ; ನಿಯಮದಲ್ಲಿದ್ದರೆ ಅರ್ಜಿ ಹೋಗಬೇಕಾದುದು ಕೇಂದ್ರ ಕೃಷಿ ಮಂತ್ರಾಲಯಕ್ಕೆ.

ಮನೆಯ ಮಟ್ಟಿಗೆ, ಜೀವಮಾನದ ಯಮಕ್ಕೆ ಶಕ್ತಿಯಿಲ್ಲದವರು ಕಾಲಮಿತಿಯ ನಿಯಮವನ್ನು ತೆಗೆದುಕೊಳ್ಳಬಹುದು: ಒಂದು ಚಾತುರ್ಮಾಸದ ಅವಧಿಗೆ, ಮೂಲವನ್ನು ವಿಚಾರಿಸಿ ಉತ್ತರ ಪಡೆಯದ ಸಾಬೂನು, ಒಗೆಯುವ ಪುಡಿ, ನೆಲದ ದ್ರಾವಣಗಳನ್ನು ಕೊಳ್ಳುವುದಿಲ್ಲವೆಂದು. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಇರುವ ಮನೆಗೆ ನಾಲ್ಕು ತಿಂಗಳು ದೊಡ್ಡ ಪರೀಷಹವೇನಲ್ಲ. ಔಷಧವನ್ನು ಮಾತ್ರ ಈ ನಿಯಮದೊಳಗೆ ಸೇರಿಸಬಾರದು. ಔಷಧಗಳ ಪರೀಕ್ಷೆಯಲ್ಲಿ ಜೀವಕೋಶಗಳ ವಿಧಾನಗಳನ್ನೂ ಒಪ್ಪಬಹುದೆಂದು ಕೇಂದ್ರ ಸರ್ಕಾರವು 2023ರ ಮಾರ್ಚಿಯಲ್ಲಿ ನಿಯಮವನ್ನು ತಿದ್ದಿದೆಯಾದರೂ ಇಂದು ವೈದ್ಯರು ಬರೆದುಕೊಡುವ ಗುಳಿಗೆಗಳು ಹಳೆಯ ದಾರಿಯಲ್ಲಿಯೇ ಬಂದುವು. ಮಧುಮೇಹವುಳ್ಳ ಮುದುಕಿಯೊಬ್ಬಳು ಮೊಲದ ಹೆಸರಿನಲ್ಲಿ ಗುಳಿಗೆ ಬಿಟ್ಟು ಕುಳಿತರೆ ಮನೆಯವರು ಅವಳಿಗೆ ಮೊದಲು ಗುಳಿಗೆಯನ್ನು ಕೊಡಬೇಕು. ಪತ್ರವನ್ನು ಆಮೇಲೆ ಬರೆಯಬಹುದು.